ಅಂಗಾತ ಮಲಗಿದ ಚಿತ್ರ

ತುರ್ತು ಕೋಣೆಯಲ್ಲಿ, ಚಾವಣಿಗೆ ಮೊಳದಷ್ಟು ಕೆಳಗೆ
ಒಂದು ಹಲಗೆ ಹೊಡೆಸಿದ್ದೇವೆ.
ಅದರ ಮೇಲೊಂದು ಚಿತ್ರ, ಅಂಗಾತ.
ನೆಲದಲ್ಲಿ ನಿಂತವರಿಗೆ ಹಲಗೆಯ ಹೊಟ್ಟೆಯಷ್ಟೇ ಕಾಣುತ್ತದೆ.
ಏನು ಚಿತ್ರವೋ ನನಗೂ ಗೊತ್ತಿಲ್ಲ, ಗೊತ್ತಿರಬಾರದು.
ಗೊತ್ತಿದ್ದರೆ ಕೇಳುವ ಪ್ರಶ್ನೆಯಲ್ಲೇ ಉತ್ತರ ಸೋರಿಬಿಡುತ್ತದೆ.
ದೂರದ ಊರಿನಲ್ಲಿ ಯಾರೋ ಚೀಟಿ ಎತ್ತಿ ಆರಿಸಿ
ಕಂದು ಲಕೋಟೆಯಲ್ಲಿ ಅಂಟಿಸಿ ಕಳಿಸುತ್ತಾರೆ.

ಎದೆ ನಿಂತವರು ತೇಲಿ ಮೇಲೆ ಹೋಗುವುದು ನಿಜವಾದರೆ
ಇಳಿದು ಬಂದು ಹೇಳಲಿ:
ಆನೆಯೋ, ಕೊಡೆಯೋ, ಹಳದಿ ತ್ರಿಕೋನವೋ.
ಇಷ್ಟೇ ನಮ್ಮ ಸಂಶೋಧನೆ.
ಆತ್ಮವೆಂಬ ಪದ ಅನುದಾನದ ಅರ್ಜಿಯಲ್ಲಿ ಎಲ್ಲೂ ಇಲ್ಲ.

ನಾಲ್ಕು ವರ್ಷ. ನಿಂತ ಹೃದಯಗಳು ಇನ್ನೂರ ಹನ್ನೊಂದು.
ಮತ್ತೆ ಬಡಿದವು ಮೂವತ್ತಾರು.
ಮಾತಾಡುವಷ್ಟು ಚೇತರಿಸಿಕೊಂಡವರು ಹತ್ತೊಂಬತ್ತು ಜನ,
ಏನಾದರೂ ನೆನಪಿದ್ದದ್ದು ಐವರಿಗೆ.
ಒಬ್ಬಳು, ಶಾಲೆಯೊಂದರ ಅಡುಗೆಯವಳು,
ಬರೀ ಈರುಳ್ಳಿ ಹುರಿದ ವಾಸನೆ ಅಂದಳು.
ಒಬ್ಬ ಹೇಳಲಾರೆನೆಂದು ಗೋಡೆಗೆ ತಿರುಗಿ ಮಲಗಿದ.
ನಮೂನೆಯಲ್ಲಿ ಅದಕ್ಕೂ ಒಂದು ಚೌಕವಿದೆ. ಗುರುತು ಹಾಕಿದೆ.

ಫೆಬ್ರುವರಿಯಲ್ಲಿ ಬಂದವನು ವೀಬ್ರೆನ್.
ಲೀವಾರ್ಡನ್‌ನಿಂದ ಉತ್ತರಕ್ಕೆ, ಕಾಲುವೆಯ ತೂಬಿನಲ್ಲಿ
ದೋಣಿಗಳನ್ನು ಏರಿಸಿ ಇಳಿಸಿದವನು, ಮೂವತ್ತೆಂಟು ವರ್ಷ.
ಹೆಪ್ಪುಗಟ್ಟಿದ ಅದೇ ಕಾಲುವೆಯ ಮೇಲೆ
ಮೊಮ್ಮಗಳ ಕೈ ಹಿಡಿದು ಜಾರುತ್ತಿದ್ದವನು ಬಿದ್ದ.
ಆಂಬುಲೆನ್ಸಿನಲ್ಲಿ ಒಮ್ಮೆ, ನಮ್ಮ ಹಲಗೆಯ ಕೆಳಗೆ ಇನ್ನೊಮ್ಮೆ,
ಎರಡನೆಯದು ಹನ್ನೊಂದು ನಿಮಿಷ.
ಮೂರನೆಯ ದಿನ ಪಕ್ಕೆಲುಬು ಹಿಡಿದುಕೊಂಡು ಕೂತಿದ್ದ.
ಅದನ್ನು ಮುರಿದವರು ನಾವೇ, ಎದೆಯೊತ್ತುವಾಗ.

ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಬಾರದು.
"ಏನಾದರೂ ನೆನಪಿದೆಯೇ?"
ಇಷ್ಟೇ, ಎಲ್ಲರಿಗೂ ಒಂದೇ ದನಿಯಲ್ಲಿ.

"ತೂಬು ನೋಡಿದ್ದೀಯೇನಮ್ಮ?
ಆಚೆ ನೀರು ಮೇಲೆ, ಈಚೆ ನೀರು ಕೆಳಗೆ, ನಡುವೆ ಬಾಗಿಲು.
ಹತ್ತು ಕುದುರೆ ಕಟ್ಟಿ ಎಳೆ, ತೆರೆಯೋದಿಲ್ಲ.
ನೀರು ಸಮವಾಯಿತೋ, ಒಂದು ಬೆರಳು ಸಾಕು.
ಬಾಗಿಲಿಗೆ ತೂಕವೇ ಇಲ್ಲದ ಗಳಿಗೆ ಒಂದಿದೆಯಲ್ಲ,
ಅದರೊಳಗಿದ್ದೆ. ಬೆರಳು ಇಟ್ಟುಕೊಂಡೇ ನಿಂತಿದ್ದೆ.
ದೋಣಿ ಯಾವುದೂ ಬರಲಿಲ್ಲ."

ಬೆಳಕು? ಇಲ್ಲ. ಸುರಂಗ? ಇಲ್ಲ.
ತೀರಿಕೊಂಡವರು ಯಾರಾದರೂ? ತಲೆಯಾಡಿಸಿದ.
"ಮೇಲಿನಿಂದ ಕೋಣೆ ಕಂಡಿತೇ?"
"ಕಂಡಿತು."
ಪೆನ್ನು ನಿಂತಿತು. ಒಂದು ಬಡಿತ ನನ್ನದೂ ತಪ್ಪಿತು.

"ನಿಮ್ಮವನೊಬ್ಬನ ನೆತ್ತಿ ಕಾಣ್ತಿತ್ತು, ನಾಣ್ಯದಗಲ ಬೋಳು.
ನನ್ನನ್ನು ಒತ್ತುತ್ತಾ ಅಳ್ತಿದ್ದ. ಪಾಪ, ಇನ್ನೂ ಹುಡುಗ."
"ಮತ್ತೆ, ಎತ್ತರದಲ್ಲಿ, ಹಲಗೆಯಂಥದ್ದು ಏನಾದರೂ..."
"ಯಾವ ಹಲಗೆ?
ಮುಂದೆ ಒಬ್ಬ ಅಳ್ತಾ ಇರುವಾಗ
ಹಲಗೆ ಯಾರು ನೋಡ್ತಾರಮ್ಮ?"

ಚಿತ್ರ: ಗುರುತಿಸಲಿಲ್ಲ. ಹಾಗೆಂದು ಬರೆದೆ.

ಯೆಲ್ಮರ್ ಆರೂವರೆ ಅಡಿ ಆಳು.
ಅವನ ನೆತ್ತಿಯನ್ನು ಅವನ ತಾಯಿ ಕೂಡ ಈಚೆಗೆ ಕಂಡಿರಲಾರಳು.
ಕಾಫಿ ಯಂತ್ರದೆದುರು ಲೋಟಕ್ಕೆಂದು ಬಗ್ಗಿದಾಗ ನೋಡಿದೆ:
ನಾಣ್ಯದಗಲ.
ಆದರೆ ಎದೆಯೊತ್ತುವವನು ಬಗ್ಗಿಯೇ ಇರುತ್ತಾನೆ,
ಅರೆತೆರೆದ ಕಣ್ಣಿಗೂ ಅವನ ನೆತ್ತಿ ಬಿದ್ದಿರಬಹುದು.
ಅಲ್ಲವೆನ್ನಲು ನನ್ನಲ್ಲಿ ಪುರಾವೆಯಿಲ್ಲ, ಹೌದೆನ್ನಲೂ.
ಅತ್ತದ್ದು ನಿಜವೇ ಎಂದು ಅವನನ್ನು ಕೇಳಲಿಲ್ಲ.
ಅದಕ್ಕೆ ಚೌಕವಿಲ್ಲ.

ಗುರುವಾರ ಇವಾಂಡ್ರಾ ಏಣಿ ತರುತ್ತಾಳೆ.
ಕೇಪ್ ವರ್ಡ್ ದ್ವೀಪದವಳು, ಈ ಮಹಡಿ ಗುಡಿಸುವವಳು.
ಸಾಯದೆ ಆ ಚಿತ್ರ ನೋಡಿದವಳು
ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳೇ.
ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದ್ದಾಳೆ.
ಈ ವಾರ ಒದ್ದೆ ಬಟ್ಟೆ ಎಳೆಯುತ್ತಾ ಮೇಲಿಂದಲೇ ಗೊಣಗಿದಳು:
"ಎಷ್ಟು ಧೂಳು ಕೂರುತ್ತಪ್ಪಾ ಇಲ್ಲಿ!
ಈ ಕಡೆ ಯಾರೂ ಸುಳಿಯೋ ಹಾಗೇ ಕಾಣಲ್ಲ."

ಏಣಿ ಅಲುಗುತ್ತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.
ಮೇಲೆ ನೋಡಲಿಲ್ಲ.