ಮೂರನೆಯ ಗಂಟು

ಸೀಟು ಬಿಚ್ಚಿದವನನ್ನು ಕೇಳಿ, ಕಾರು ಮಾರುವವನನ್ನಲ್ಲ.
ರುಸ್ತಾವಿಯ ಹಳೆಕಾರುಗಳ ಬಯಲಿನಲ್ಲಿ
ತಗಡಿನ ಡಬ್ಬದಂಥ ಈ ಅಂಗಡಿಯಲ್ಲಿ
ಇಪ್ಪತ್ತಾರು ವರ್ಷ ಸ್ಪಂಜು ಕುಯ್ದಿದ್ದೇನೆ ನಾನು, ನುಗ್ಜಾರ್.
ಸಂದಿಗಳಲ್ಲಿ ಸಿಕ್ಕಿದ್ದು:
ಸೂರ್ಯಕಾಂತಿ ಬೀಜದ ಸಿಪ್ಪೆ, ಯಾರದೋ ಒಂಟಿ ಓಲೆ,
ಚದುರಂಗದ ಕಪ್ಪು ಕಾಲಾಳು,
ಜಪಾನಿನ ಯಾವುದೋ ಊರಿನ ದಿನಸಿ ರಸೀದಿ,
ಒಂದು ಹಾಲುಹಲ್ಲು.

ಜನ ಕೇಳುತ್ತಾರೆ: ಯಾವುದು ಒಳ್ಳೆಯದು,
ಬಾಲ ಇರುವುದೋ, ಬಾಲ ಕತ್ತರಿಸಿದ್ದೋ?
ಕೂತು ನೋಡಿ, ಅನ್ನುತ್ತೇನೆ.
ಸೆಡಾನು ಹೊಸ ಅಳಿಯನನ್ನು ಕೂರಿಸುವ ಹಾಗೆ ಕೂರಿಸುತ್ತದೆ,
ತೊಡೆಗೆ ಪೂರ್ತಿ ಆಸರೆ, ಬೆನ್ನಿಗೆ ಒರಗು.
ಆದರೆ ಮಾಡು ಹಿಂದಕ್ಕೆ ಇಳಿಯುತ್ತ ಬಂದು
ಎತ್ತರದವರ ನೆತ್ತಿ ಸವರುತ್ತದೆ;
ನಡುವೆ ಕೂತವನ ಕಾಲ ಕೆಳಗೆ ದಿಬ್ಬ,
ಮೂರನೆಯವನು ಅಲ್ಲಿ ಯಾವಾಗಲೂ ಕುದುರೆ ಸವಾರ.
ಹ್ಯಾಚ್‌ಬ್ಯಾಕೋ, ಬೆನ್ನು ನೆಟ್ಟಗೆ ಮಾಡಿಸುವ ಮೇಷ್ಟರು.
ತಲೆಗೆ ಧಾರಾಳ, ಮಂಡಿಗೆ ಜಿಪುಣ,
ಹತ್ತಿ ಇಳಿಯುವುದು ಅಡುಗೆಮನೆಯ ಕುರ್ಚಿಯಷ್ಟು ಸಲೀಸು.
ಅದರಲ್ಲಿ ಸಾಮಾನಿಗೆ ಬೇರೆ ಕೋಣೆ, ಅದರ ಪಾಡು ಅದಕ್ಕೆ.
ಇದರಲ್ಲಿ ಚೀಸಿನ ವಾಸನೆ, ವೈನ್ ಜಾಡಿಯ ಕಿಣಿಕಿಣಿ
ಎಲ್ಲವೂ ನಿಮ್ಮ ಹೆಗಲ ಮೇಲೆ ಬಗ್ಗಿ
ಮನೆಮಾತು ಕೇಳಿಸಿಕೊಳ್ಳುತ್ತವೆ.

ಮಾರ್ಚ್ ತಿಂಗಳ ಒಂದು ಗಾಳಿಯ ಬೆಳಿಗ್ಗೆ
ತ್ಸಿಯಾಲಾ ಬಂದರು. ಭೂಗೋಳದ ಟೀಚರಾಗಿದ್ದವರು.
ಕೈಯಲ್ಲಿ ಒಂದು ದಾರ, ದಾರಕ್ಕೆ ಮೂರು ಗಂಟು.
ಜೊತೆಗೆ ತಂಗಿಯ ಮಗಳು ಕೆತಿನೊ, ಚೂಯಿಂಗ್ ಗಮ್ ಜಗಿಯುತ್ತ.
ಮೊದಲ ಗಂಟು ಮಂಡಿಯಿಂದ ಡ್ಯಾಶ್‌ಬೋರ್ಡಿಗೆ.
ಎರಡನೆಯದು ನೆತ್ತಿಯಿಂದ ಮಾಡಿಗೆ.
ಹತ್ತೊಂಬತ್ತು ಕಾರು ಅಳೆದರು. ದಲ್ಲಾಳಿ ತೆಮುರ್
ಬಾಯಿ ಒಣಗುವವರೆಗೆ ಲೀಟರು, ಗೇರು, ಮೈಲೇಜು ಅಂದ.
ಮೂರನೆಯ ಗಂಟು ಏತಕ್ಕೆ, ಕೇಳಿದೆ.
"ಮಡಚಿದ ಗಾಲಿಕುರ್ಚಿಯ ಉದ್ದ," ಅಂದರು,
ಆಲೂಗಡ್ಡೆಯ ಬೆಲೆ ಹೇಳುವ ಧ್ವನಿಯಲ್ಲಿ.
"ಒತಾರನದು. ಶನಿವಾರ ಶನಿವಾರ ತೆಲಾವಿಗೆ, ಅವನ ಅಕ್ಕನ ಮನೆಗೆ."

ಆಮೇಲೆ ಶುರುವಾಯಿತು ನಿಜವಾದ ಅಳತೆ.
ಸೆಡಾನಿನ ಡಿಕ್ಕಿ ಕುರ್ಚಿಯನ್ನು ನುಂಗುತ್ತದೆ, ಆದರೆ ತುಟಿ ಎತ್ತರ;
ಕೆತಿನೊಳ ಸೊಂಟ ಒಂದೇ ಸಲಕ್ಕೆ ಅಯ್ಯೋ ಅಂದಿತು.
ಹ್ಯಾಚ್‌ಬ್ಯಾಕಿಗೆ ಕುರ್ಚಿ ತಾನಾಗಿ ಜಾರಿ ಹೋಗುತ್ತದೆ,
ಆದರೆ ಹಿಂದಿನ ಸೀಟು ಮಡಚಬೇಕು.
ಮುಂದೆ ಒತಾರ್, ಸ್ಟೀರಿಂಗಿಗೆ ಕೆತಿನೊ,
ಮಡಚಿದ ಸೀಟಿನ ಮೇಲೆ ಕುರ್ಚಿ.
ಹಾಗಾದರೆ ನೀವು?
ತ್ಸಿಯಾಲಾ ದಾರವನ್ನು ಬೆರಳಿಗೆ ಸುತ್ತಿಕೊಂಡರು.
"ಮೂರೂ ಅವನದೇ ಗಂಟು," ಅಂದರು,
"ನನಗೊಂದು ಹಾಕಿಕೊಳ್ಳುವುದು ಮರೆತೇ ಹೋಯಿತು ನೋಡು."

ಬಯಲಿನ ಮೂಲೆಯಲ್ಲಿ ಒಂದು ನೀಲಿ ಕಾರು,
ಹಿಂದಿನ ಸೀಟು ಎರಡು ಹೋಳು,
ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ಮಡಚಿದೆ.
ಚಿಕ್ಕದರಲ್ಲಿ ಕೂತು ಬಾಗಿಲು ಹಾಕಿಕೊಂಡರು.
ಎಷ್ಟೋ ಹೊತ್ತು. ತೆಮುರ್ ಸಿಗರೇಟು ಹಚ್ಚಿದ.
ಕೊನೆಗೆ ಗಾಜು ಇಳಿಸಿ, "ಸ್ಪಂಜು ಸತ್ತಿದೆ," ಅಂದರು.
ಸತ್ತಿತ್ತು. ಒಪ್ಪಿದೆ.

ಹೊಸದು ಹಾಕಿದೆ, ನಾಲ್ಕು ಬೆರಳು ದಪ್ಪ;
ತೊಡೆಯ ಕೆಳಗೆ ಇನ್ನೊಂದು ಬೆರಳು ಹೆಚ್ಚು,
ಗುಜರಿಗೆ ಹೊರಟಿದ್ದ ಸೆಡಾನಿನಿಂದ ಕುಯ್ದ ತುಂಡು. ಅದನ್ನು ಹೇಳಲಿಲ್ಲ.
ದುಡ್ಡಿಗೆ ಜಗಳವಾಯಿತು. ಹತ್ತು ಇಳಿಸಿದೆ. ಇನ್ನೂ ಐದು ಅಂದರು.

ಗೊಂಬೊರಿ ಘಾಟಿಯ ತಿರುವುಗಳಲ್ಲಿ
ಮಡಚಿದ ಕುರ್ಚಿಯ ಮೇಲ್ಗಾಲಿ ತಾನೇ ಒಂದಿಷ್ಟು ತಿರುಗಿ
ಅವರ ಮೊಣಕೈಗೆ ತಾಗುತ್ತದಂತೆ,
ಅಂಗೈಯಿಟ್ಟು ನಿಲ್ಲಿಸುತ್ತಾರಂತೆ,
ಮುಂದಿನ ತಿರುವಿನವರೆಗೆ.
ಬೆಲ್ಟು ರಿಪೇರಿಗೆ ಬಂದಾಗ ಕೆತಿನೊ ಹೇಳಿದಳು.
ಸೀಟು ಹೇಗಿದೆಯಂತೆ, ಕೇಳಿದೆ.
"ಬಯ್ಯುತ್ತಾರೆ, ತುಂಬಾ ಗಟ್ಟಿ ಅಂತ.
ವಾಪಸು ಬರುವಾಗ ಮಾತ್ರ ನಿದ್ದೆ."