ಅಂದಾಜು

ಶನಿವಾರ ಸಂಜೆ ಹಳೆಯ ಆವೃತ್ತಿ ತೆಗೆದು ಹೊಸದನ್ನು ಕೂಡಿಸಿದೆ.
ರವಿವಾರ ನಸುಕಿನಿಂದ
ಡಿಸ್ಕಿನ ಕಿತ್ತಳೆ ದೀಪ ಕಣ್ಣು ಮುಚ್ಚಿಲ್ಲ.
ಕರ್ ಕರ್ ಕರ್
'ಜ್ವಾಳದ ಚೀಲದಾಗ ಇಲಿ ಹೊಕ್ಕಂಗ ಐತಿ,' ಅಂದ ವಾಚಮನ್.

ತಿಕೋಟಾದ ಶೀತಲಗೃಹ. ಹೊರಗೆ ನಲವತ್ತೊಂದು ಡಿಗ್ರಿ,
ಒಳಗೆ ನಾಲ್ಕು.
ಎರಡು ಲಕ್ಷ ಪೆಟ್ಟಿಗೆ ಒಣದ್ರಾಕ್ಷಿ ಕತ್ತಲಲ್ಲಿ ಕೂತಿವೆ,
ಮಂಗಳವಾರ ಲಿಲಾವು.
ಒಂದು ಲಾಟಿನ ನಂಬರು ಒತ್ತಿದರೆ
ನಾಲ್ಕು ನಿಮಿಷ ಏನೂ ಇಲ್ಲ.
ಆಮೇಲೆ ಉತ್ತರ.
ಸರಿಯಾದ ಉತ್ತರ! ಅದಕ್ಕೇ ಸಿಟ್ಟು.
ತಪ್ಪು ಹೇಳಿದ್ದರೆ ಹಿಡಿದು ಬಯ್ಯಬಹುದಿತ್ತು.

ಮೊದಲು ವೈರಸ್ ಕಾವಲಿನ ಮೇಲೆ ಗುಮಾನಿ. ನಿಲ್ಲಿಸಿದೆ.
ದೀಪ ನಿಲ್ಲಲಿಲ್ಲ.
ರಾತ್ರಿಯ ಬ್ಯಾಕಪ್ಪು ಹಗಲಿಗೂ ಚಾಚಿರಬೇಕು ಅಂದುಕೊಂಡೆ;
ಅದು ಮೂರಕ್ಕೇ ಕೆಲಸ ಮುಗಿಸಿ ಮಲಗಿತ್ತು.
ಡಿಸ್ಕೇ ಸಾಯುತ್ತಿದೆ, ಹೊಸದು ತರಿಸಿರಿ
ಎಂದು ಮಾಲಕರಿಗೆ ಹೇಳಿಯೂ ಬಿಟ್ಟೆ.
ಹದಿನೆಂಟು ಸಾವಿರದ ಮಾತು,
ಬಾಯಿಂದ ಹೋಗಿಯಾಗಿತ್ತು.

ಸೋಮವಾರ ಮಧ್ಯಾಹ್ನ ಎರಡನೇ ಕೋಣೆಯ ಬಾಗಿಲು ತೆರೆದು
ಹೊಸ ಹುಡುಗ ಪರಸಪ್ಪ ಹೊರಬಂದ,
ಮೂಗಿನಿಂದ ಹೊಗೆ, ಬೆರಳು ಕೆಂಪು.
ಒಂದು ಪೆಟ್ಟಿಗೆ ತರಲು ಹೋಗಿ ಮುಕ್ಕಾಲು ತಾಸು.
ಯಾಕೋ?
'ನಂಬರ್ ಪೆಟ್ಟಿಗಿ ಮ್ಯಾಲ ಐತಲ್ರೀ ಅಕ್ಕಾರ.
ಒಂದೊಂದ ನೋಡಕೋತ ಹೊಂಟೀನಿ.'
'ಗ್ವಾಡಿ ಮ್ಯಾಲ ಪಟ್ಟಿ ಹಚ್ಚೀವಲ್ಲ?'
'ನಾಕ ಪೆಟ್ಟಿಗಿಗೆ ಪಟ್ಟಿ ಯಾಕ ಅಂತ...'
ನಾಲ್ಕು! ಇವನ ಲೆಕ್ಕದಲ್ಲಿ ಗೋದಾಮೆಲ್ಲ ನಾಲ್ಕು ಪೆಟ್ಟಿಗೆ.

ಹೋದ ತಿಂಗಳವರೆಗೆ ಗೈಬುಸಾಬ ಇದ್ದರು.
ಬಾಬಾನಗರದ ಮಾಲು ಅರ್ಧ ಗೋದಾಮು,
ಕಣಮಡಿಯದು ನಲವತ್ತೇ ಪೆಟ್ಟಿಗೆ, ಎಡಗಡೆ ಮೂಲೆ,
ಇದು ಯಾವ ಕಿರ್ದಿಯಲ್ಲೂ ಇಲ್ಲ,
ಅವರ ನಡಿಗೆಯಲ್ಲಿತ್ತು.
ಬೀಗದ ಗೊಂಚಲು ಕೊಟ್ಟು ಹೋದರು, ಅಷ್ಟೇ.

ನಾನು ಹುಡುಗನನ್ನು ಅಲ್ಲೇ ಬಿಟ್ಟು
ಮೇಜಿಗೆ ಓಡಿದೆ.
ಕೇಳಿದೆ ಯಂತ್ರವನ್ನು: ಹುಡುಕುವುದಿರಲಿ,
ಹೇಗೆ ಹುಡುಕುತ್ತೀ, ಅದನ್ನು ಹೇಳು.
ಹೇಳಿತು: ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ.
ಸೂಚಿ ಇದ್ದಲ್ಲೇ ಇತ್ತು, ಮುಟ್ಟಿರಲಿಲ್ಲ.
ದತ್ತಾಂಶ ಪೂರಾ ಬಂದಿತ್ತು, ಒಂದು ಸಾಲೂ ಕಳೆದಿರಲಿಲ್ಲ.
ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬ ಅಂದಾಜು ಮಾತ್ರ
ಹಳೆಯ ಮನೆಯಲ್ಲೇ ಉಳಿದಿತ್ತು.

ಒಂದೇ ಶಬ್ದದ ಆಜ್ಞೆ. ಬೆರೆದ ಬೆವರಲ್ಲಿ ಕೀಲಿ ಜಾರಿತು.
ದೀಪ ಇನ್ನೂ ಜೋರಾಗಿ ಉರಿಯಿತು, ಎದೆ ಹಾರಿತು.
ಅಳೆಯಲಿಕ್ಕೂ ಓದಬೇಕಲ್ಲ.
ಏಳು ನಿಮಿಷ.
ಆಮೇಲೆ ಕೋಣೆಯಲ್ಲಿ
ಫ್ಯಾನಿನ ಸದ್ದು ಇದೆ ಎಂದು ಗೊತ್ತಾಯಿತು.
ಲಾಟಿನ ನಂಬರು ಒತ್ತಿದೆ.
ಬೆರಳು ಎತ್ತುವುದರೊಳಗೆ ಉತ್ತರ.

ಗೈಬುಸಾಬರಿಗೆ ಫೋನು ಮಾಡಿದೆ:
ಬಂದು ಹುಡುಗನಿಗೆ ಒಂದು ಸುತ್ತು ತೋರಿಸಿರಿ.
'ಒಂದ ಸುತ್ತ ಸಾಲೂದಿಲ್ಲವ್ವಾ,' ಅಂದರು,
'ಮಾಲ ಬರತಾ ಹೋಗತಾ ಇರತೈತಿ.'

ಬುಧವಾರ ಹೊಸ ಡಿಸ್ಕು ಬಂತು.
ಕಪಾಟಿನಲ್ಲಿದೆ, ಪ್ಲಾಸ್ಟಿಕ್ಕು ಬಿಚ್ಚಿಲ್ಲ.
ಬಿಲ್ಲಿನ ಮೇಲೆ ನನ್ನ ಸಹಿ.