ನೀವು ಇಲ್ಲಿದ್ದೀರಿ

ರತ್ನಗಂಬಳಿ ಗಿರಣಿಗಳ ಊರು ಇದು, ಜಾರ್ಜಿಯಾದ ಉತ್ತರಕ್ಕೆ.
ಹೆದ್ದಾರಿಯ ಮಗ್ಗುಲಲ್ಲಿ ಒಂದು ಸತ್ತ ಮಾಲ್.
ಸತ್ತಿತು ಅಂತ ಬರೆದವರು ಪೇಪರಿನವರು, ನಾವಲ್ಲ.
ದೊಡ್ಡ ಅಂಗಡಿಯವರು ಗಂಟುಮೂಟೆ ಕಟ್ಟಿದ ಮೇಲೆ
ಒಂದು ವರ್ಷ ಇಲ್ಲಿ ಪಾರಿವಾಳಗಳದ್ದೇ ವ್ಯಾಪಾರ.
ಆಮೇಲೆ ಬಂದಳು ಒಡಿಲಿಯಾ,
ಒಂದು ಹೊಲಿಗೆ ಯಂತ್ರ, ಎರಡು ಕುರ್ಚಿ.
ಬೆನ್ನಿಗೇ ಜೋಳದ ರೊಟ್ಟಿಯವನು, ಬೂಟಿನವನು,
ಮೆಕ್ಸಿಕೋಗೆ ದುಡ್ಡು ಕಳಿಸುವ ಕಿಟಕಿಯವಳು,
ಶನಿವಾರ ಮಾತ್ರ ಹಲ್ಲು ಕೀಳುವ ಡಾಕ್ಟರು.

ನಾನು ಕ್ರೆಸೆನ್ಸಿಯೊ. ನೆಲ ಒರೆಸುವವನು.
ಯಾರ ಬೂಟಿಗೆ ಯಾವ ಮಣ್ಣು, ನನಗೆ ಗೊತ್ತು.

ಭಾನುವಾರ ಹನ್ನೊಂದಕ್ಕೆ,
ಹಿಂದೆ ಸೆಂಟು ಮಾರುತ್ತಿದ್ದ ಮಳಿಗೆಯಲ್ಲಿ ಪೂಜೆ.
ಪಾದ್ರಿಯ ಬೆನ್ನ ಹಿಂದಿನ ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದ್ದಾರೆ,
ಆದರೂ ಅಂಚಿನಲ್ಲಿ ನಮ್ಮ ಕಿವಿಗಳು ಕಾಣುತ್ತವೆ.
ಓಡುವ ಮೆಟ್ಟಿಲು ಓಡುವುದನ್ನು ಬಿಟ್ಟು ಆರು ವರ್ಷ.
ಅದರ ಮೇಲೆ ಸಾಲಾಗಿ ಕೂತು
ಗಿರಣಿಯ ಹುಡುಗರು ಸುಟ್ಟ ಜೋಳ ತಿನ್ನುತ್ತಾರೆ,
ಕೂದಲಲ್ಲಿ ನೂಲಿನ ಧೂಳು, ಆ ವಾರದ ಬಣ್ಣ:
ಹೋದ ವಾರ ಕಂದು,
ಈ ವಾರ ಯಾವುದೋ ಹೋಟೆಲಿನ ನೀಲಿ.

ನಡುವೆ ಒಂದು ಫಲಕ. ಹಳೆಯ ಮಾಲಿನ ನಕ್ಷೆ.
ಇಲ್ಲದ ಅಂಗಡಿಗಳು, ಇಲ್ಲದ ಸಿನಿಮಾ ಮಂದಿರ,
ಒಂದು ಕೆಂಪು ಚುಕ್ಕೆ,
ಪಕ್ಕದಲ್ಲಿ ಇಂಗ್ಲಿಷಿನಲ್ಲಿ: ನೀವು ಇಲ್ಲಿದ್ದೀರಿ.

ಮೊದಲು ಶುರು ಮಾಡಿದವರು ಯಾರೋ.
ಗಡಿಯಾರದ ಅಂಗಡಿಯ ಚೌಕದೊಳಗೆ
ಬಾಲ್ ಪೆನ್ನಿನಲ್ಲಿ ಒಂದು ಹಳ್ಳಿಯ ಹೆಸರು: ಲಾ ನೊರಿಯಾ.
ಮರುವಾರ ಅದರ ಪಕ್ಕ ಎಲ್ ಸಾಲಿತ್ರೆ.
ಪಾಯಖಾನೆಯ ಜಾಗದಲ್ಲಿ, ಯಾರದೋ ಜಗಳಕ್ಕೆ, ಇನ್ಯಾರದೋ ಊರು.

ಇಲ್ಲಿ ಯಾರೂ ಏನು ಕೆಲಸ ಅಂತ ಕೇಳುವುದಿಲ್ಲ,
ಕೂದಲು ನೋಡಿದರೆ ಗೊತ್ತಾಗುತ್ತದಲ್ಲ.
ಯಾವೂರಾಯ್ತು? ಅದೊಂದೇ ಪ್ರಶ್ನೆ.
ಹೆಸರು ಹೇಳಿದರೆ ತಿಳಿಯುವ ಊರುಗಳಲ್ಲ ನಮ್ಮವು.
ಮೊದಲು ಹೆರೆಸ್ ಅನ್ನಬೇಕು, ಆಮೇಲೆ ಬಸ್ಸು,
ಆಮೇಲೆ ಮುರಿದ ಸೇತುವೆ,
ಆಮೇಲೆ ನಡೆಯಬೇಕು.

ಸೋಮವಾರ ಮ್ಯಾನೇಜರು ಹೇಳುತ್ತಾನೆ: ಫಲಕ ಒರೆಸು.
ಒರೆಸುತ್ತೇನೆ. ಹೊಟ್ಟೆಪಾಡು.
ಪೆನ್ನಿನ ಊರುಗಳು ಒಂದೇ ಸಲಕ್ಕೆ ಹೋಗುತ್ತವೆ,
ಮಾರ್ಕರಿನವು ಮಸುಕಾಗಿ ಉಳಿಯುತ್ತವೆ,
ಉಗುರಲ್ಲಿ ಕೆರೆದವಕ್ಕೆ ನಾನೇನು ಮಾಡಲಿ.
ಒಹೊ ದೆ ಆಗ್ವಾ, ನೀರಿನ ಕಣ್ಣು ಅಂತ ಅರ್ಥ,
ಅದನ್ನು ಮೂರು ಸಲ ಒರೆಸಿದೆ,
ಮೂರು ಸಲವೂ ಮತ್ತೆ ಒಸರಿತು.
ಯಾರ ಊರು ಅಂತ ಮ್ಯಾನೇಜರು ಕೇಳಲಿಲ್ಲ.
ನನ್ನ ಜೇಬಿನ ಪೆನ್ನನ್ನೂ ನೋಡಲಿಲ್ಲ.

ಎಲ್ಪಿದಿಯಾ ಅಜ್ಜಿಗೆ ಓದು ಬಾರದು.
ಮೆಣಸಿನ ಪುಡಿ ಉದುರಿಸಿದ ಮಾವಿನ ಹೋಳು ಕೈಯಲ್ಲಿ,
ಮೊಮ್ಮಗನನ್ನು ನಿಲ್ಲಿಸಿ ಕೇಳಿದಳು:
ಆ ಕೆಂಪು ಬೊಟ್ಟು ಏನನ್ನುತ್ತದೆ?
ಹುಡುಗ ಐಸ್‌ಕಡ್ಡಿ ಬಾಯಿಂದ ತೆಗೆದ:
ನೀನು ಇಲ್ಲಿದ್ದೀಯ, ಅನ್ನುತ್ತೆ.

ಅಜ್ಜಿಯ ಮುಖ ಸಣ್ಣದಾಯಿತು.
ಇಪ್ಪತ್ತೆರಡು ವರ್ಷ.
ಬಾಡಿಗೆ ಚೀಟಿಯಲ್ಲಿ ತಂಗಿಯ ಹೆಸರು,
ಕರೆಂಟ್ ಬಿಲ್ಲಿನಲ್ಲಿ ಅಳಿಯನ ಹೆಸರು,
ಗಿರಣಿಯ ಬಿಲ್ಲೆಯಲ್ಲಿ ಯಾವಳೋ ಸತ್ತವಳ ಹೆಸರು.
ಅದಕ್ಕೆ ಯಾರು ಹೇಳಿದರು? ಅಂದಳು.

ಹುಡುಗ ನಕ್ಕ. ನಾನೂ ನಕ್ಕೆ, ಬಕೆಟ್ಟಿನ ಕಡೆ ತಿರುಗಿ.
ಅವಳು ನಗಲಿಲ್ಲ.
ಸುತ್ತ ನೋಡಿದಳು: ಬೂಟಿನವನು, ರೊಟ್ಟಿಯವನು,
ಪೂಜೆ ಮುಗಿಸಿ ಬರುತ್ತಿದ್ದ ಕಿವಿಗಳು.
ಆಮೇಲೆ ಹೆಬ್ಬೆರಳು ಎತ್ತಿ
ಚುಕ್ಕೆಯ ಮೇಲೆ ಒತ್ತಿ ಹಿಡಿದಳು.
ಮುಚ್ಚಿದಳೋ, ಹೆಬ್ಬೆಟ್ಟು ಹಾಕಿದಳೋ, ಹೇಳಲಾರೆ.
ತೆಗೆದಾಗ ಅಲ್ಲಿ ಮೆಣಸಿನ ಪುಡಿಯ ಸುಳಿ.

ಅಷ್ಟರಲ್ಲಿ ಮೇಲಿಂದ ಯಾರೆಲಿ ಕೂಗಿದಳು.
ಹದಿನೈದು ತುಂಬಿದೆ ಅವಳಿಗೆ ಇವತ್ತು;
ಒಡಿಲಿಯಾ ಮೂರು ತಿಂಗಳು ಹೊಲಿದ ಗುಲಾಬಿ ಲಂಗ
ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕು.
ಇಳೀಬೇಕು, ನೆಲ ಒದ್ದೆಯಾ?
ಒದ್ದೆ, ಒಂದು ನಿಮಿಷ ತಡಿ ಅಂದೆ.
ನಿಂತಳು, ಎರಡೂ ಕೈಯಲ್ಲಿ ಲಂಗ ಎತ್ತಿ ಹಿಡಿದು,
ಓಡದ ಮೆಟ್ಟಿಲ ಮೇಲೆ.
ತುತ್ತೂರಿಯವನು ಬಾಯಿಂದ ತುತ್ತೂರಿ ಇಳಿಸಿದ.
ಇಡೀ ಮಾಲ್, ಕೈಯಲ್ಲಿ ತಟ್ಟೆ ಹಿಡಿದು,
ನೆಲ ಒಣಗಲೆಂದು ಕಾಯುತ್ತಿತ್ತು.